ಖಾಲಿ ಟ್ರಂಕು

ರಾತ್ರಿ ಎರಡೂಕಾಲರ ಹೊತ್ತಿಗೆ ಮೊಮ್ಮಗ ಏಳುತ್ತಿದ್ದ. ಮಗಳು ಹಾಲು ಕುಡಿಸಿ, ಅರೆಗಣ್ಣಿನಲ್ಲೇ ಅವನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋಗುತ್ತಿದ್ದಳು. ತೇಗು ಬರುವವರೆಗೆ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಬೇಕು. ತೇಗು ಬಂದ ಕೂಡಲೇ ಮಲಗಿಸಿದರೆ ಮತ್ತೆ ಎಚ್ಚರ. ಹಾಗಾಗಿ ಇನ್ನಷ್ಟು ಹೊತ್ತು ಕುರ್ಚಿಯಲ್ಲಿ ಕದಲದೆ ಕೂರಬೇಕು. ಒಟ್ಟು ಮುಕ್ಕಾಲು ಗಂಟೆಯ ಕೆಲಸ. ‘ಡಾರ್ಕ್ ಶ್ಯಾಡೋಸ್’ ಧಾರಾವಾಹಿಯ ಒಂದು ಕಂತು ಸುಮಾರು 22 ನಿಮಿಷ. ಎರಡನೆಯ ಕಂತು ಮುಗಿಯುವ ಹೊತ್ತಿಗೆ ಮಗುವಿನ ಮುಷ್ಟಿ ಸಡಿಲವಾಗಿ ನನ್ನ ಸೆರಗು ಕೈಯಿಂದ ಜಾರುತ್ತಿತ್ತು. ಬಾಣಂತನಕ್ಕೆಂದು ಅಮೆರಿಕದ ಪ್ರಾವಿಡೆನ್ಸ್‌ಗೆ ಹೋದ ನಾನು ಹೀಗೆ ಆರು ತಿಂಗಳಲ್ಲಿ 365 ಕಂತು ನೋಡಿ ಬಂದೆ.

ಇದನ್ನು ನನಗೆ ಹೇಳಿದವರು ಎದುರುಮನೆಯಾಕೆ. ಎಪ್ಪತ್ತರ ಹತ್ತಿರದ ವಯಸ್ಸು. ಚಿಕ್ಕವರಿದ್ದಾಗ ಶಾಲೆ ಬಿಟ್ಟ ಕೂಡಲೇ ಪುಸ್ತಕ ಎದೆಗವಚಿಕೊಂಡು ಇದನ್ನು ನೋಡಲು ಮನೆಗೆ ಓಡುತ್ತಿದ್ದರಂತೆ. ಆ ಕಾಲದಲ್ಲಿ ಅವರ ಬೀದಿಯ ಮಕ್ಕಳೆಲ್ಲ ಹಾಗೆ ಓಡುತ್ತಿದ್ದರಂತೆ. 1966ರ ಜೂನ್ 27ರಿಂದ 1971ರ ಏಪ್ರಿಲ್ 2ರವರೆಗೆ ಎಬಿಸಿ ವಾಹಿನಿಯಲ್ಲಿ ವಾರಕ್ಕೆ ಐದು ದಿನ ಹಗಲು ಹೊತ್ತಿನಲ್ಲಿ ಬರುತ್ತಿದ್ದ ಧಾರಾವಾಹಿ ಇದು. ಒಟ್ಟು 1225 ಕಂತು. ಅಷ್ಟರಲ್ಲಿ ಒಂದೇ ಒಂದು ಕಂತಿನ ಟೇಪು ಕಳೆದುಹೋಗಿದೆ, ಉಳಿದದ್ದೆಲ್ಲ ಇಂದಿಗೂ ನೋಡಲು ಸಿಗುತ್ತದೆ. ಇದರ ನಿರ್ಮಾಪಕ ಡ್ಯಾನ್ ಕರ್ಟಿಸ್‌ಗೆ ಒಂದು ರಾತ್ರಿ ಕನಸು ಬಿದ್ದಿತಂತೆ: ರೈಲಿನಲ್ಲಿ ಒಬ್ಬಳೇ ಕೂತು ಎಲ್ಲಿಗೋ ಹೋಗುತ್ತಿರುವ ಹುಡುಗಿ. ಮೊದಲ ಕಂತು ಅಲ್ಲಿಂದಲೇ ಶುರುವಾಗುತ್ತದೆ. ಕಪ್ಪು ಬಿಳುಪು ಚಿತ್ರ, ರೈಲಿನ ಕಿಟಕಿ, ಹೊರಗೆ ಕತ್ತಲೆ.

ಆ ಹುಡುಗಿ ವಿಕ್ಟೋರಿಯಾ ವಿಂಟರ್ಸ್. ನ್ಯೂಯಾರ್ಕಿನ ಅನಾಥಾಶ್ರಮದಲ್ಲಿ ಬೆಳೆದವಳು, ತಂದೆ ತಾಯಿ ಯಾರೆಂದು ತಿಳಿಯದವಳು. ಅವಳ ಹೆಸರಿಗೆ ತಿಂಗಳು ತಿಂಗಳು ಬ್ಯಾಂಗರ್ ಎಂಬ ಊರಿನ ಅಂಚೆ ಮುದ್ರೆಯಿದ್ದ ಲಕೋಟೆಯಲ್ಲಿ ಹಣ ಬರುತ್ತಿತ್ತು. ಆ ಊರು ಇರುವುದು ಮೇಯ್ನ್ ರಾಜ್ಯದಲ್ಲಿ. ಅದೇ ಮೇಯ್ನ್‌ನ ಕಡಲ ತೀರದ ಕಾಲಿನ್ಸ್‌ಪೋರ್ಟ್ ಎಂಬ ಕಲ್ಪಿತ ಊರಿನಿಂದ, ಒಂದು ದೊಡ್ಡ ಮನೆಯ ಹುಡುಗನಿಗೆ ಪಾಠ ಹೇಳಲು ಬಾ ಎಂದು ಅವಳಿಗೆ ಕರೆ ಬರುತ್ತದೆ. ತನ್ನ ಮೂಲ ಅಲ್ಲಿ ತಿಳಿಯಬಹುದೆಂಬ ಆಸೆಯಿಂದ ಹೊರಡುತ್ತಾಳೆ. ಧಾರಾವಾಹಿ ಮುಗಿದರೂ ಅದು ಅವಳಿಗೆ ತಿಳಿಯುವುದಿಲ್ಲವೆಂದು ಎದುರುಮನೆಯಾಕೆ ಮೊದಲೇ ಹೇಳಿಬಿಟ್ಟಿದ್ದರು. ಅಂದಿನ ರಾತ್ರಿ ನನಗೆ ಬಹಳ ಬೇಸರವಾಗಿತ್ತು.

ಮನೆಯ ಹೆಸರು ಕಾಲಿನ್‌ವುಡ್. ಯಜಮಾನಿ ಎಲಿಜಬೆತ್ ಹದಿನೆಂಟು ವರ್ಷಗಳಿಂದ ಆ ಮನೆಯ ಎಲ್ಲೆ ದಾಟಿಲ್ಲ. ನೆಲಮಾಳಿಗೆಯಲ್ಲಿ ಒಂದು ಕೋಣೆಗೆ ಸದಾ ಬೀಗ. ತಮ್ಮ ರೋಜರ್ ಮಾತಿನಲ್ಲಿ ಬಲು ನಯ, ಒಳಗೆ ಪುಕ್ಕಲು. ಎಲಿಜಬೆತ್‌ಳ ಮಗಳು ಕ್ಯಾರೊಲಿನ್. ರೋಜರನ ಮಗ, ಒಂಬತ್ತು ಹತ್ತರ ಪ್ರಾಯದ ಡೇವಿಡ್. ಊರವರು ಈ ಧಾರಾವಾಹಿಯನ್ನು ನೆನೆಯುವುದು ರಕ್ತ ಹೀರುವ ಬಾರ್ನಬಸ್‌ಗಾಗಿ. ಅವನು ಬರುವುದು 210 ಕಂತು ಕಳೆದ ಮೇಲೆ. ಅವನು ಬರುವ ಮೊದಲಿನ ಕಂತುಗಳು ಎಳೆತವೆಂದು ಹೇಳುವವರು ಬಹಳ ಮಂದಿ. ನನಗೆ ಅತಿ ಹೆಚ್ಚು ಭಯ ಹುಟ್ಟಿಸಿದ್ದು ಆ ಕಂತುಗಳೇ. ಅಲ್ಲಿ ಭೂತ ಪ್ರೇತ ಅಪರೂಪ. ಊಟದ ಮೇಜಿನ ಸುತ್ತ ಕೂತವರು ಒಬ್ಬರಿಗೊಬ್ಬರು ಹೇಳದೆ ಉಳಿಸಿಕೊಂಡ ಮಾತುಗಳೇ ಅಲ್ಲಿ ಓಡಾಡುತ್ತವೆ.

ನಾನು ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು. ಹಾಗಾಗಿ ನನ್ನ ಕಣ್ಣು ಡೇವಿಡ್ ಮೇಲೆಯೇ. ಆ ಪಾತ್ರ ಮಾಡಿದ ಹುಡುಗ ಡೇವಿಡ್ ಹೆನೆಸಿಯ ಮುಖವನ್ನು ನೋಡಿದರೆ ನನ್ನ ತರಗತಿಯ ಹಿಂದಿನ ಬೆಂಚಿನ ಹತ್ತಾರು ಮುಖಗಳು ನೆನಪಾಗುತ್ತವೆ. ಬಾಗಿಲ ಸಂದಿಯಲ್ಲಿ ನಿಂತು ದೊಡ್ಡವರ ಮಾತನ್ನು ಕೇಳಿಸಿಕೊಳ್ಳುವ ಹುಡುಗ. ಅಪ್ಪ ರೋಜರ್ ಅವನ ಎದುರಿಗೇ ಅವನನ್ನು ರಾಕ್ಷಸ ಎನ್ನುತ್ತಾನೆ, ಎಲ್ಲಿಗಾದರೂ ಕಳಿಸಿಬಿಡಬೇಕು ಎನ್ನುತ್ತಾನೆ. ಆ ಮಾತು ಬಿದ್ದಾಗಲೆಲ್ಲ ನನ್ನ ಕೈ ತಾನಾಗಿ ಮಗುವಿನ ಕಿವಿಯ ಮೇಲೆ ಹೋಗುತ್ತಿತ್ತು.

ಒಂದು ರಾತ್ರಿ ಗುಡ್ಡದ ದಾರಿ ಇಳಿಯುವಾಗ ರೋಜರನ ಕಾರಿನ ಬ್ರೇಕು ಹಿಡಿಯುವುದಿಲ್ಲ. ಜೀವ ಉಳಿಯುತ್ತದೆ. ಬ್ರೇಕಿನ ಒಂದು ಸಣ್ಣ ವಾಲ್ವನ್ನು ಯಾರೋ ಬಿಚ್ಚಿದ್ದಾರೆ. ಯಾರು? ಎಲ್ಲರ ಬಾಯಲ್ಲೂ ಒಂದೇ ಹೆಸರು, ಬರ್ಕ್ ಡೆವ್ಲಿನ್. ರೋಜರನ ಸಾಕ್ಷ್ಯದಿಂದಾಗಿ ಐದು ವರ್ಷ ಜೈಲಿನಲ್ಲಿದ್ದು, ಹಣ ಸಂಪಾದಿಸಿ, ಸೇಡಿಟ್ಟುಕೊಂಡು ಊರಿಗೆ ಮರಳಿದವನು ಅವನು. ಅವನು ಕಾರಿನ ಬಳಿ ನಿಂತದ್ದನ್ನು ವಿಕ್ಟೋರಿಯಾ ಕಣ್ಣಾರೆ ಕಂಡಿದ್ದಾಳೆ. ಇನ್ನೇನು ಬೇಕು?

ಕೆಲವು ಕಂತುಗಳ ನಂತರ ಅವಳು ಡೇವಿಡ್‌ನ ಕೋಣೆಯಲ್ಲಿ ಮೇಜಿನ ಡ್ರಾವರ್ ಎಳೆಯುತ್ತಾಳೆ. ವಾಲ್ವು ಅಲ್ಲಿದೆ. ಬೆರಳುಗಳ ನಡುವೆ ಹಿಡಿದರೆ ಮರೆಯಾಗುವಷ್ಟು ಚಿಕ್ಕದು. ಒಂದು ಮನುಷ್ಯನ ಪ್ರಾಣಕ್ಕೆ ಸಮವಾದ ವಸ್ತು ಮಕ್ಕಳ ಸಾಮಾನಿನ ನಡುವೆ ಕೂತಿದೆ.

ಇಲ್ಲಿ ನಾನು ಕಂತನ್ನು ನಿಲ್ಲಿಸಿದೆ. ಮಗುವಿಗೆ ಎಚ್ಚರವಾಗಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದು ಮತ್ತೆ ಕೂತೆ.

ಮಲೆನಾಡಿನ ಒಂದು ಶಾಲೆಯಲ್ಲಿ ನನಗೊಬ್ಬ ನಾಲ್ಕನೆಯ ತರಗತಿಯ ವಿದ್ಯಾರ್ಥಿ ಇದ್ದ. ಊರಿನ ಹೆಸರು ಬರೆಯುವುದಿಲ್ಲ, ಗುರುತು ಹತ್ತದಂತೆ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಅವನ ಅಪ್ಪ ಸಂಜೆಯಾದರೆ ಲೂನಾ ಏರಿ ಪೇಟೆಗೆ ಹೋಗಿ ಕುಡಿದು ಬರುತ್ತಿದ್ದ. ಬಂದ ಮೇಲೆ ಮನೆಯಲ್ಲಿ ಏನಾಗುತ್ತಿತ್ತೆಂಬುದು ಮರುದಿನ ಹುಡುಗನ ತೋಳಿನ ಮೇಲೆ ಕಾಣುತ್ತಿತ್ತು. ಒಂದು ದಿನ ಲೂನಾದ ಪೆಟ್ರೋಲ್ ಟ್ಯಾಂಕಿಗೆ ಯಾರೋ ಮಣ್ಣು ಸುರಿದರು. ಗಾಡಿ ಕಾಡಿನ ನಡುವೆ ನಿಂತಿತು. ಅಪ್ಪ ಕತ್ತಲೆಯಲ್ಲಿ ನಾಲ್ಕು ಮೈಲಿ ನಡೆದು ಬಂದ. ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ಗೊತ್ತಾಯಿತು, ಇದು ಪಕ್ಕದ ತೋಟದವರ ಕೆಲಸ ಎಂದು. ಎರಡು ಮನೆಗಳಿಗೂ ಬೇಲಿಯ ತಕರಾರು ಇತ್ತು.

ಮೂರು ದಿನದ ನಂತರ ಕಾಪಿ ಪುಸ್ತಕ ತಿದ್ದಲು ಹುಡುಗನ ಪಾಟಿಚೀಲಕ್ಕೆ ಕೈ ಹಾಕಿದೆ. ಬಳಪದ ಡಬ್ಬಿಯ ಕೆಳಗೆ ಟ್ಯಾಂಕಿನ ಮುಚ್ಚಳ ಇತ್ತು. ಪೆಟ್ರೋಲ್ ವಾಸನೆ ಪುಸ್ತಕಕ್ಕೂ ಹತ್ತಿತ್ತು. ಅವನು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಮುಚ್ಚಳವನ್ನು ಸೀರೆಯ ಸೊಂಟದಲ್ಲಿ ಸಿಕ್ಕಿಸಿಕೊಂಡು ಸಂಜೆ ಶಾಲೆಯ ಬಾವಿಗೆ ಹಾಕಿದೆ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅವನ ಅಪ್ಪ ಅವನನ್ನು ಏನು ಮಾಡುತ್ತಿದ್ದ ಎಂಬುದು ನನಗೆ ಗೊತ್ತಿತ್ತು. ಪಕ್ಕದ ತೋಟದವರ ಮನೆಗೆ ಮಾತ್ರ ಅಂದಿನಿಂದ ಆ ಕೇರಿಯಲ್ಲಿ ಯಾರೂ ಸಲೀಸಾಗಿ ಹೋಗಿ ಬರುತ್ತಿರಲಿಲ್ಲ.

ಮಕ್ಕಳು ಇಂಥದ್ದನ್ನು ಎಸೆಯುವುದಿಲ್ಲ. ಡೇವಿಡ್‌ಗೆ ಮನೆಯ ಮುಂದೆಯೇ ಸಮುದ್ರವಿತ್ತು, ನನ್ನ ವಿದ್ಯಾರ್ಥಿಗೆ ದಾರಿಯಲ್ಲೇ ಹಳ್ಳವಿತ್ತು. ಇಬ್ಬರೂ ಇಟ್ಟುಕೊಂಡರು. ಯಾರಾದರೂ ಕಂಡುಹಿಡಿಯಲಿ, ಕಂಡುಹಿಡಿದು ಯಾಕೆ ಎಂದು ಕೇಳಲಿ ಎಂದು ಅವರು ಕಾಯುತ್ತಿರುತ್ತಾರೆ ಎಂಬುದು ನನ್ನ ನಂಬಿಕೆ. ಡೇವಿಡ್‌ನನ್ನು ಮೊದಲು ಅರ್ಥಮಾಡಿಕೊಂಡವನು ಬರ್ಕ್. ಹುಡುಗ ಆ ವಾಲ್ವನ್ನು ಬರ್ಕ್‌ನ ಹೋಟೆಲ್ ಕೋಣೆಯಲ್ಲಿ ಬಚ್ಚಿಟ್ಟು ಅವನ ತಲೆಗೇ ಕಟ್ಟಲು ಹೋಗುತ್ತಾನೆ. ಬರ್ಕ್‌ಗೆ ತಿಳಿಯುತ್ತದೆ. ಅವನು ಹುಡುಗನ ಮೇಲೆ ಕೂಗಾಡುವುದಿಲ್ಲ. ಕೊಲೆಗಾರನೆಂದು ಮನೆಯವರೆಲ್ಲ ಬೆರಳು ತೋರಿಸಿದ ಆ ಮನುಷ್ಯ ಒಬ್ಬನೇ ಹುಡುಗನೊಡನೆ ದೊಡ್ಡವನೊಡನೆ ಮಾತನಾಡುವಂತೆ ಮಾತನಾಡುತ್ತಾನೆ, ಮುಂದೆ ಒಂದು ಸ್ಫಟಿಕದ ಗೋಳವನ್ನೂ ಉಡುಗೊರೆ ಕೊಡುತ್ತಾನೆ. ಎಲಿಜಬೆತ್ ಪೊಲೀಸರ ಮುಂದೆ ಅದೊಂದು ಅಪಘಾತವಷ್ಟೇ ಎಂದು ಹೇಳಿ ಮನೆಯ ಮಾತನ್ನು ಮನೆಯೊಳಗೇ ಮುಚ್ಚುತ್ತಾಳೆ. ಪಾತ್ರ ಮಾಡಿದವರು ಹಳೆಯ ಚಲನಚಿತ್ರಗಳ ದೊಡ್ಡ ನಟಿ ಜೋನ್ ಬೆನೆಟ್. ಸುಳ್ಳು ಹೇಳುವಾಗ ಅವರ ಬೆನ್ನು ಇನ್ನಷ್ಟು ನೆಟ್ಟಗಾಗುತ್ತದೆ.

ಆಮೇಲೆ ಬಿಲ್ ಮಲಾಯ್ ಎಂಬ ಒಳ್ಳೆಯ ಮನುಷ್ಯ ಸಾಯುತ್ತಾನೆ. ಕಾಲಿನ್ಸ್ ಮನೆತನದ ಮೀನಿನ ಕಾರ್ಖಾನೆಯನ್ನು ನೋಡಿಕೊಳ್ಳುತ್ತಿದ್ದವನು, ಬರ್ಕ್‌ನ ಹಳೆಯ ಪ್ರಕರಣದ ನಿಜವನ್ನು ಹೊರಗೆ ತರಲು ಹೊರಟವನು. ಕಡಲ ದಂಡೆಯಲ್ಲಿ ಸಿಕ್ಕ ಒಂದು ಬೆಳ್ಳಿ ಕುಸುರಿಯ ಪೆನ್ನಿನ ಸುತ್ತ ವಾರಗಟ್ಟಲೆ ಕಥೆ ಸುತ್ತುತ್ತದೆ. ಬರ್ಕ್‌ನ ಪೆನ್ನು ಕ್ಯಾರೊಲಿನ್‌ಗೆ ಬಂದು, ಅವಳಿಂದ ರೋಜರ್ ಕೈಗೆ ಹೋಗಿ, ಅವನಿಂದ ಬಿದ್ದುಹೋಗಿ, ವಿಕ್ಟೋರಿಯಾಳಿಗೆ ಸಿಕ್ಕಿ, ಅವಳ ಕೈಯಿಂದಲೂ ಮಾಯವಾಗುತ್ತದೆ. ಪೆನ್ನಿನ ಕಥೆ ಬೆಳೆಯಿತು ಎಂದು ದೂರುವವರಿದ್ದಾರೆ. ಸಂಶಯ ಹೊಕ್ಕ ಮನೆಯಲ್ಲಿ ಒಂದು ಪೆನ್ನು ಹಾಗೆಯೇ ಬೆಳೆಯುತ್ತದೆ, ನಾನು ಕಂಡಿದ್ದೇನೆ. ಕೊನೆಗೆ ಸಾವಿಗೆ ಕಾರಣ ಮನೆಯ ಕೆಲಸದವನು ಮ್ಯಾಥ್ಯೂ. ಯಜಮಾನಿಗೆ ತೊಂದರೆಯಾಗಬಾರದೆಂಬ ನಿಷ್ಠೆಯಿಂದ ಕೈ ಮಾಡಿದ, ಏಟು ಮೀರಿತು.

ಇನ್ನು ಟ್ರಂಕು. ಇದನ್ನು ಬರೆಯಲೆಂದೇ ಇಷ್ಟು ದೂರ ಬಂದೆ.

1967ರ ವಸಂತದಲ್ಲಿ ಜೇಸನ್ ಮೆಕ್‌ಗ್ವೈರ್ ಎಂಬವನು ಮನೆಗೆ ಬರುತ್ತಾನೆ. ಎಲಿಜಬೆತ್‌ಳ ಗಂಡ ಪಾಲ್ ಸ್ಟೊಡಾರ್ಡ್‌ನ ಹಳೆಯ ಗೆಳೆಯ. ಹದಿನೆಂಟು ವರ್ಷಗಳ ಹಿಂದೆ ಗಂಡ ಮಗಳ ಪಾಲಿನ ಹಣವನ್ನು ಪೆಟ್ಟಿಗೆಗೆ ತುಂಬಿಕೊಂಡು ಮನೆ ಬಿಡಲು ಹೊರಟಾಗ ಎಲಿಜಬೆತ್ ಬೆಂಕಿ ಕೆದಕುವ ಕಬ್ಬಿಣದ ಸಲಾಕೆಯಿಂದ ಅವನ ತಲೆಗೆ ಹೊಡೆದಿದ್ದಳು. ಸತ್ತ ಎಂದು ಹೇಳಿದವನು ಜೇಸನ್. ಹೆಣವನ್ನು ಟ್ರಂಕಿನಲ್ಲಿಟ್ಟು ನೆಲಮಾಳಿಗೆಯ ಕೋಣೆಯಲ್ಲಿ ಹೂತೆ ಎಂದವನೂ ಅವನೇ. ಅಂದಿನಿಂದ ಅವಳು ಮನೆ ಬಿಟ್ಟು ಕದಲಿಲ್ಲ. ಊರವರು ಗಂಡ ಬರುತ್ತಾನೆಂದು ಕಾಯುತ್ತಿದ್ದಾಳೆ ಎಂದುಕೊಂಡರು. ಅವಳು ಕಾಯುತ್ತಿದ್ದುದು ಬೀಗವನ್ನು. ಈಗ ಜೇಸನ್ ಆ ಗುಟ್ಟನ್ನು ಹಿಡಿದುಕೊಂಡು ಮೊದಲು ಇರಲು ಕೋಣೆ, ಆಮೇಲೆ ಹಣ, ಆಮೇಲೆ ಮದುವೆಯನ್ನೇ ಕೇಳುತ್ತಾನೆ.

ಮದುವೆಯ ದಿನ ದಿವಾನಖಾನೆಯಲ್ಲಿ ಎಲ್ಲರೂ ನಿಂತಿದ್ದಾರೆ. ಮಗಳು ಕ್ಯಾರೊಲಿನ್‌ಳ ಕೈಚೀಲದಲ್ಲಿ ಪಿಸ್ತೂಲು ಇದೆ, ಅಮ್ಮನನ್ನು ಈ ಮನುಷ್ಯನಿಂದ ಬಿಡಿಸಲು ಅವಳು ಕಂಡುಕೊಂಡ ದಾರಿ ಅದು. ಅಧಿಕಾರಿ ಮದುವೆಯ ಮಾತುಗಳನ್ನು ಓದುತ್ತಾನೆ. ಎಲಿಜಬೆತ್ ಒಪ್ಪಿಗೆಯ ಮಾತು ಆಡಬೇಕಾದ ಜಾಗದಲ್ಲಿ ಬೇರೆಯದನ್ನೇ ಆಡುತ್ತಾಳೆ. ನನ್ನಿಂದಾಗದು, ಪಾಲ್‌ನನ್ನು ಕೊಂದವಳು ನಾನು, ಅದಕ್ಕೆ ಜೊತೆಯಾದವನು ಇವನು ಎನ್ನುತ್ತಾಳೆ. ಅದನ್ನು ಹೇಳುವಾಗ ದನಿ ಏರುವುದಿಲ್ಲ. ಭಾರ ಇಳಿಸಿದವರ ದನಿ ಅದು.

ನೆಲ ಅಗೆಯುತ್ತಾರೆ, ಟ್ರಂಕು ಎತ್ತುತ್ತಾರೆ, ಮುಚ್ಚಳ ತೆಗೆಯುತ್ತಾರೆ. ಒಳಗೆ ಯಾರೂ ಇಲ್ಲ. ಗಂಡ ಅಂದು ಸತ್ತೇ ಇರಲಿಲ್ಲ, ಗೆಳೆಯನೊಡನೆ ಸೇರಿ ಹಣದೊಡನೆ ಹೋಗಿಬಿಟ್ಟಿದ್ದ.

ಹದಿನೆಂಟು ವರ್ಷ. ಅವಳ ಮಗಳು ಆ ಅವಧಿಯಲ್ಲಿ ಹಾಲುಗೂಸಿನಿಂದ ಮದುವೆಯ ವಯಸ್ಸಿಗೆ ಬಂದಳು. ಒಂದು ಸಲ ಆ ನೆಲ ಅಗೆದಿದ್ದರೆ ಸಾಕಿತ್ತು. ಹೆಗಲ ಮೇಲಿನ ಮಗು ಬೆಚ್ಚಗೆ ಉಸಿರಾಡುತ್ತಿದ್ದಾಗ ನಾನು ಸದ್ದಿಲ್ಲದೆ ಅತ್ತೆ. ವರ್ಷಗಳ ನಂತರ ಪಾಲ್ ಸ್ಟೊಡಾರ್ಡ್ ಊರಿಗೆ ಮರಳಿ ಬರುತ್ತಾನಂತೆ. ಆ ಪಾತ್ರವನ್ನು ಮಾಡಿರುವುದು ಜೇಸನ್ ಆಗಿದ್ದ ಅದೇ ನಟ, ಡೆನಿಸ್ ಪ್ಯಾಟ್ರಿಕ್. ಅವಳನ್ನು ಸುಲಿದ ಇಬ್ಬರಿಗೂ ಒಂದೇ ಮುಖ.

ಇಷ್ಟು ಸಂಶಯದ ಮನೆಗೆ ಬಾರ್ನಬಸ್ ಹೇಗೆ ಬಂದ ನೋಡಿ. ಒಡವೆಯ ಆಸೆಗೆ ಒಬ್ಬ ಪುಂಡ ಹಳೆಯ ಶವಪೆಟ್ಟಿಗೆಯ ಸರಪಳಿ ಬಿಚ್ಚುತ್ತಾನೆ, ಉಂಗುರ ತೊಟ್ಟ ಕೈಯೊಂದು ಹೊರಬಂದು ಅವನ ಕೊರಳು ಹಿಡಿಯುತ್ತದೆ. ಮರುಕಂತಿನಲ್ಲಿ ಮುಂಬಾಗಿಲು ತಟ್ಟುವ ಸದ್ದು. ಇಂಗ್ಲೆಂಡಿನಿಂದ ಬಂದ ನೆಂಟ ಎನ್ನುತ್ತಾನೆ, ಕೈಯಲ್ಲಿ ತೋಳದ ತಲೆಯ ಬೆಳ್ಳಿ ಹಿಡಿಕೆಯ ಕೋಲು. ಮುಂಬಾಗಿಲ ಒಳಗೆ ತೂಗಿರುವ ಪೂರ್ವಜನ ಚಿತ್ರಕ್ಕೂ ಅವನಿಗೂ ಒಂದು ಕೂದಲಿನ ವ್ಯತ್ಯಾಸವಿಲ್ಲ. ಅಷ್ಟು ಸಾಕಾಯಿತು. ಅನಾಥೆ ಹುಡುಗಿಯನ್ನು ನೂರು ಪ್ರಶ್ನೆ ಕೇಳಿದ ಮನೆ, ಬರ್ಕ್‌ನನ್ನು ಹೊಸ್ತಿಲಲ್ಲೇ ತಡೆದ ಮನೆ, ಮನೆತನದ ಮುಖ ಹೊತ್ತು ಬಂದವನಿಗೆ ಹಳೆಯ ಬಂಗಲೆಯನ್ನೇ ಬಿಟ್ಟುಕೊಟ್ಟಿತು. ಹಗಲಿನಲ್ಲಿ ಎಲ್ಲಿರುತ್ತೀಯಪ್ಪ ಎಂದು ಬಹಳ ಕಾಲ ಯಾರೂ ಕೇಳಲಿಲ್ಲ.

ಆ ಮನೆಯವರಲ್ಲಿ ಅವನ ನಿಜ ಮೊದಲು ಕಾಣುವುದೂ ಡೇವಿಡ್‌ಗೇ. ಹಳೆಯ ಬಂಗಲೆಯಲ್ಲಿ ಶವಪೆಟ್ಟಿಗೆ ಇದೆ ಎಂದು ಹೇಳುತ್ತಾನೆ, ಅಳುತ್ತಾನೆ, ಬೇಡುತ್ತಾನೆ. ಸುಳ್ಳುಗಾರ ಹುಡುಗನ ಇನ್ನೊಂದು ಸುಳ್ಳು ಎಂದು ಎಲ್ಲರೂ ತಳ್ಳಿಹಾಕುತ್ತಾರೆ. ನಂಬಿದ ಒಬ್ಬ ವೈದ್ಯ ಅದಕ್ಕಾಗಿಯೇ ಪ್ರಾಣ ಕಳೆದುಕೊಳ್ಳುತ್ತಾನೆ. ನಾನು ಎಷ್ಟೋ ವರ್ಷ ‘ತೋಳ ಬಂತು ತೋಳ’ದ ಕಥೆಯನ್ನು ಮಕ್ಕಳಿಗೆ ಹೇಳಿ, ನೋಡಿದಿರಾ, ಸುಳ್ಳು ಹೇಳಬಾರದು ಎಂದಿದ್ದೇನೆ. ಕೊನೆಯ ಸಲ ತೋಳ ನಿಜವಾಗಿಯೂ ಬಂದಿತ್ತಲ್ಲ, ದೊಡ್ಡವರು ಒಮ್ಮೆ ಎದ್ದು ಹೋಗಿ ನೋಡಬಹುದಿತ್ತಲ್ಲ ಎಂದು ಒಂದು ದಿನವೂ ಹೇಳಲಿಲ್ಲ. ಮೊಮ್ಮಗನಿಗೆ ಆ ಕಥೆ ಹೇಳುವ ಕಾಲ ಬಂದರೆ ಹಾಗೆ ಹೇಳುತ್ತೇನೆ.

ತಾಂತ್ರಿಕ ತಪ್ಪುಗಳ ಬಗ್ಗೆ ಒಂದು ಮಾತು. ಆ ಕಾಲದಲ್ಲಿ ಟೇಪನ್ನು ಕತ್ತರಿಸಿ ಜೋಡಿಸುವುದು ಬಹಳ ದುಬಾರಿ, ಹಾಗಾಗಿ ನ್ಯೂಯಾರ್ಕಿನ ಸ್ಟುಡಿಯೊದಲ್ಲಿ ಪ್ರತಿ ಕಂತನ್ನು ರಂಗದ ನಾಟಕದಂತೆ ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಆಡಿ ಚಿತ್ರಿಸಿಕೊಳ್ಳುತ್ತಿದ್ದರು. ಗೋಡೆಯ ಮೇಲೆ ಮೈಕಿನ ನೆರಳು ಬೀಳುತ್ತದೆ, ಬಾಗಿಲು ಸಿಕ್ಕಿಕೊಳ್ಳುತ್ತದೆ, ನಟರು ಮಾತು ಮರೆತು ತಡವರಿಸುತ್ತಾರೆ. ಬಾರ್ನಬಸ್ ಆದ ಜೋನಾಥನ್ ಫ್ರಿಡ್ ಮಾತಿಗಾಗಿ ಪಕ್ಕಕ್ಕೆ ಕಣ್ಣು ಹಾಯಿಸುವುದು ಎಷ್ಟೋ ಸಲ ಕಾಣುತ್ತದೆ. ಜನ ಇದನ್ನು ನೋಡಿ ನಗುತ್ತಾರೆ. ನನಗೆ ಆ ತಡವರಿಕೆ ಕಥೆಯ ಭಾಗವೇ ಆಗಿ ಕಂಡಿತು. ಗುಟ್ಟು ಹೊತ್ತವರು ಹಾಗೆಯೇ ಮಾತನಾಡುತ್ತಾರೆ, ಆಡಬೇಕಾದ ಮಾತು ಎಲ್ಲೋ ಪಕ್ಕದಲ್ಲಿ ಬರೆದಿಟ್ಟಂತೆ.

ವಾಪಸಾಗುವ ಮುನ್ನ ಮಗಳು ನ್ಯೂಪೋರ್ಟಿಗೆ ಕರೆದುಕೊಂಡು ಹೋದಳು. ಕಾಲಿನ್‌ವುಡ್ ಎಂದು ತೆರೆಯ ಮೇಲೆ ತೋರಿಸುವ ಹೊರನೋಟ ಅಲ್ಲಿನ ‘ಸೀವ್ಯೂ ಟೆರೇಸ್’ ಎಂಬ ಬಂಗಲೆಯದು. ಖಾಸಗಿ ಆಸ್ತಿ, ರಸ್ತೆಯಲ್ಲಿ ನಿಂತೇ ನೋಡಬೇಕು. ಬೂದು ಬಣ್ಣದ ಗೋಡೆ, ಕಡಿದಾದ ಸೂರು, ಗೋಪುರ. ಮಗುವನ್ನು ಎತ್ತಿಕೊಂಡು ಗೇಟಿನ ಎದುರು ಹತ್ತು ನಿಮಿಷ ನಿಂತಿದ್ದೆ. ಆ ಊಟದ ಮೇಜು, ದಿವಾನಖಾನೆ, ಬೀಗದ ಕೋಣೆ ಯಾವುದೂ ಆ ಗೋಡೆಗಳ ಒಳಗಿಲ್ಲ, ಎಲ್ಲ ನ್ಯೂಯಾರ್ಕಿನ ಸ್ಟುಡಿಯೊದಲ್ಲಿ ಹಲಗೆಯಿಂದ ಕಟ್ಟಿದ್ದು. ಅದು ಗೊತ್ತಿದ್ದೂ ನನ್ನ ಕಣ್ಣು ನೆಲಮಾಳಿಗೆಯ ಕಿಟಕಿಯನ್ನೇ ಹುಡುಕುತ್ತಿತ್ತು.

ಊರಿಗೆ ಬಂದ ಎರಡನೆಯ ವಾರ ಬಸ್ ಹತ್ತಿ ಆ ಹಳೆಯ ಶಾಲೆಯ ಊರಿಗೆ ಹೋದೆ. ಪಕ್ಕದ ತೋಟದ ಯಜಮಾನರು ತೀರಿಕೊಂಡು ಆರು ವರ್ಷವಾಗಿದೆ. ಅವರ ಹೆಂಡತಿ ಅಂಗಳದಲ್ಲಿ ಅಡಿಕೆ ಸುಲಿಯುತ್ತ ಕೂತಿದ್ದರು. ಗುರುತು ಹಿಡಿದು, ಬನ್ನಿ ಅಕ್ಕೋರೇ ಎಂದು ಮಣೆ ಹಾಕಿದರು. ನಾನು ಸುತ್ತುಬಳಸದೆ ಹೇಳಿದೆ, ಅಂದು ಟ್ಯಾಂಕಿಗೆ ಮಣ್ಣು ಹಾಕಿದ್ದು ನಿಮ್ಮವರಲ್ಲ, ನನಗೆ ಅದು ಮೂರನೆಯ ದಿನವೇ ಗೊತ್ತಿತ್ತು ಎಂದು.

ಅವರ ಕೈ ನಿಂತಿತು. ಯಾರು ಎಂದು ಕೇಳುತ್ತಾರೆಂದು ಕಾದೆ. ಕೇಳಲಿಲ್ಲ.

“ಹೇಳುವುದಾದರೆ ಅವರಿದ್ದಾಗ ಹೇಳಬೇಕಿತ್ತು, ಅಕ್ಕೋರೇ.”

ಇಷ್ಟು ಹೇಳಿ ಎದ್ದು ಒಳಗೆ ಹೋದರು. ನಾನು ಹೊರಡಬೇಕೋ ಕೂರಬೇಕೋ ತಿಳಿಯದೆ ಸುಲಿಯದ ಅಡಿಕೆಯ ರಾಶಿಯನ್ನು ನೋಡುತ್ತ ಕೂತಿದ್ದೆ. ಒಳಗಿನಿಂದ ಲೋಟದ ಸದ್ದು ಬಂತು. ಸ್ವಲ್ಪ ಹೊತ್ತಿನಲ್ಲಿ ಕಷಾಯ ತಂದು ನನ್ನ ಮುಂದಿಟ್ಟರು, ಸಕ್ಕರೆ ಬೇಕೇ ಎಂದು ಕೇಳಿದರು.